ಮುದ್ದಯ್ಯ ತಂದ ಅಗಸೆ ಸೊಪ್ಪು

ಮುದ್ದಯ್ಯನಿಗೆ ಓದು ಬರಹ ಗೊತ್ತಿರಲಿಲ್ಲ. ಪೇಟೆಯಿಂದ ತರಬೇಕಾದ ಒಂದೊಂದು ಸಾಮಾನಿಗೂ ಹೆಗಲ ಮೇಲಿನ ಟವಲಿನ ಅಂಚಿನಲ್ಲಿ ಒಂದೊಂದು ಗಂಟು ಹಾಕಿಕೊಳ್ಳುತ್ತಿದ್ದ, ಕೊಂಡಾದ ಮೇಲೆ ಬಿಚ್ಚುತ್ತಿದ್ದ. ಯಾವ ಗಂಟು ಸಾಸಿವೆಯದು, ಯಾವುದು ಸೀಮೆಎಣ್ಣೆಯದು ಎಂದು ಅವನಿಗೆ ಹೇಗೆ ತಿಳಿಯುತ್ತಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ಕೈಯಲ್ಲಿ ಚೀಟಿ ಹಿಡಿದುಕೊಂಡು ಹೋಗಿಯೂ ಎರಡು ಸಾಮಾನು ಮರೆತು ಬರುವವನು. ಅವನು ಹದಿನೆಂಟು ವರ್ಷದಲ್ಲಿ ಒಂದನ್ನೂ ಮರೆತದ್ದಿಲ್ಲ.

ಮಳವಳ್ಳಿ ತಾಲ್ಲೂಕಿನ ಒಂದು ತುದಿಯಲ್ಲಿ, ನಾಲೆಯ ಏರಿಯ ಪಕ್ಕ, ನಮ್ಮ ನೀರಾವರಿ ಇಲಾಖೆಯದೊಂದು ಸಣ್ಣ ಬಂಗಲೆ ಇತ್ತು. ಮುದ್ದಯ್ಯ ಅದರ ಮೇಟಿ. ಮೇಟಿ ಎಂದರೆ ಅಡುಗೆ ಮಾಡುವವನೂ ಅವನೇ, ಕಸ ಗುಡಿಸುವವನೂ ಅವನೇ, ಸಾಹೇಬರು ಬಂದರೆ ಸ್ನಾನಕ್ಕೆ ನೀರು ಕಾಯಿಸುವವನೂ ಅವನೇ. ಹದಿನೆಂಟು ವರ್ಷವೂ ದಿನಗೂಲಿ. ಅವನನ್ನು ಖಾಯಂ ಮಾಡುವ ಕಾಗದ ಎಷ್ಟೋ ಮೇಜುಗಳನ್ನು ದಾಟಿ ಆ ವರ್ಷ ಕೊನೆಗೂ ಮಂಡ್ಯದಲ್ಲಿ ಸಾಹೇಬರ ಮೇಜಿಗೆ ಬಂದು ಕೂತಿತ್ತು. ಒಂದು ರುಜು ಮಾತ್ರ ಬಾಕಿ. "ಭಾನುವಾರದ ದೋಣಿ ಪ್ರಯಾಣ ಮುಗಿಯಲಿ, ಸೋಮವಾರ ಹಾಕಿಬಿಡೋಣ" ಎಂದಿದ್ದರು ಸಾಹೇಬರು.

ನಾನು ಸಂಪತ್ ಕುಮಾರ, ಮಳವಳ್ಳಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಗೋದಾ ಹೇಳುತ್ತಾಳೆ. ಆ ಶನಿವಾರ ಮುದ್ದಯ್ಯನ ಜೊತೆ ಸಾಮಾನು ತರಲು ಹೊರಟವನು ನಾನೇ. ಎಪ್ಪತ್ತರ ದಶಕದ ನಡುವಿನ ಮಾತು, ದಸರೆ ಕಳೆದು ಸ್ವಲ್ಪ ದಿನವಾಗಿತ್ತು. ಅಂದು ಅವನನ್ನು ಎಷ್ಟು ಬೈದೆ ಎಂದು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ದೋಣಿಯ ಆಸೆ ಸಾಹೇಬರದಲ್ಲ, ಅವರ ತಾಯಿ ಸರಸಮ್ಮನವರದು. ನಾಲೆಯಲ್ಲಿ ಒಂದು ಸಲ ದೋಣಿಯ ಮೇಲೆ ಹೋಗಬೇಕು ಎಂದು ಅವರು ಮಗನನ್ನು ಎರಡು ವರ್ಷದಿಂದ ಕೇಳುತ್ತಿದ್ದರಂತೆ. ಸಾಹೇಬರು ಎಲ್ಲಿಂದಲೋ ಲಾರಿಯಲ್ಲಿ ಒಂದು ಮರದ ದೋಣಿ ತರಿಸಿದರು. ಮೇಲಿನ ಸೇತುವೆಯ ಬಳಿ ಹತ್ತಿ, ಹತ್ತು ಮೈಲಿ ತೇಲಿಕೊಂಡು ಬಂದು, ಸಂಜೆ ನಮ್ಮ ಬಂಗಲೆಯ ಹತ್ತಿರ ಇಳಿಯುವುದು ಎಂದಾಯಿತು. ಆದರೆ ನಾಲೆಯ ಕೊನೆಯ ಭಾಗದಲ್ಲಿ ನೀರು ಅಷ್ಟು ಆಳವಿಲ್ಲ. ದೋಣಿ ತೇಲಬೇಕಾದರೆ ಗದ್ದೆಗಳಿಗೆ ನೀರು ಬಿಡುವ ತೂಬುಗಳನ್ನೆಲ್ಲ ಮುಚ್ಚಿ ನಾಲೆಯನ್ನು ದಡದವರೆಗೂ ತುಂಬಿಸಿ ನಿಲ್ಲಿಸಬೇಕು. ಅದಕ್ಕೂ ಆದೇಶ ಹೊರಟಿತು. ಶುಕ್ರವಾರವೇ, ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗಳೆಲ್ಲ ತೂಬುಗಳಿಗೆ ಬೀಗ ಹಾಕಿ ಬೀಗದ ಕೈಗಳನ್ನು ತಂದು ನನಗೆ ಒಪ್ಪಿಸಿದರು. ಅವನ್ನು ಮಳವಳ್ಳಿಗೆ ಒಯ್ದು ಕಚೇರಿಯ ಬೀರುವಿನಲ್ಲಿ ಇಡಬೇಕಾದ್ದು ನನ್ನ ಕೆಲಸ. ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಆಮೇಲೆ ನೋಡೋಣ ಎಂದುಕೊಂಡು ಬಂಗಲೆಯ ಅಡುಗೆಮನೆಯ ಮೊಳೆಗೆ ನೇತುಹಾಕಿ ಅಲ್ಲೇ ಮಲಗಿದೆ, ಬೆಳಗ್ಗೆ ಹೊರಡುವಾಗ ಮರೆತೇಬಿಟ್ಟೆ.

ಶನಿವಾರ ಬೆಳಗ್ಗೆ ಏಳಕ್ಕೆಲ್ಲ ನಾವಿಬ್ಬರೂ ಬಂಗಲೆಯ ಮುಂದಿನ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಆಗ ಗದ್ದೆ ಬದುವಿನ ಮೇಲೆ ಒಬ್ಬಳು ಸೀರೆ ಎತ್ತಿ ಕಟ್ಟಿಕೊಂಡು ದಾಪುಗಾಲು ಹಾಕಿ ಬರುತ್ತಿರುವುದು ಕಂಡಿತು. ಮುದ್ದಯ್ಯನ ಹೆಂಡತಿ ಶಿವನಂಜಮ್ಮ. ಅವರ ಊರು ಕೋಡಿಕೊಪ್ಪಲು ಅಲ್ಲಿಂದ ಮೂರು ಮೈಲಿ. ಬಂದವಳು ಉಸಿರು ತಿರುಗಿಸಿಕೊಳ್ಳಲೂ ಇಲ್ಲ.

"ನಾಳೀಕೆ ನಮ್ ನೀರಿನ್ ಸರದಿ. ಗೊತ್ತದಾ ನಿಂಗೆ?"

"ಗೊತ್ತದೆ ಕಣಮ್ಮಿ," ಎಂದ ಮುದ್ದಯ್ಯ, ಕಾಲಿನ ಹೆಬ್ಬೆರಳು ನೋಡುತ್ತ.

"ಪೈರು ಒಡೆ ಕಟ್ಟದೆ. ತೆನೆ ಈಚೆ ಬರೋ ಒತ್ತು. ಈಗ ನೀರ್ ತಪ್ಪುದ್ರೆ ಇನ್ ಅತ್ತು ದಿನ ಇಲ್ಲ. ಅಷ್ಟೊತ್ಗೆ ಎಲ್ಲಾ ಜೊಳ್ಳಾಯ್ತದೆ. ಮೂರೂರ್ ಗದ್ದೆ ಕಣಯ್ಯ, ನಮ್ದೊಂದೇ ಅಲ್ಲ. ದೋಣಿ ತೇಲ್ಸಕ್ಕೆ ನಮ್ ತೂಬ್ ಮುಚ್ಬೇಕಾ? ನಿಮ್ ಸಾಯೇಬ್ರಿಗೆ ಒಂದ್ ಮಾತ್ ಏಳಕ್ಕಾಗಲ್ವಾ?"

"ಏಳ್ತೀನಿ. ಇವತ್ ಅವ್ರ್ ಮನೇಗೇ ಓಯ್ತಾ ಇವ್ನಲ್ಲ."

"ಏಳ್ತೀಯ, ಏಳ್ತೀಯ. ಅದ್ನೆಂಟ್ ವರ್ಸದಿಂದ ಅವ್ರ್ಗೆ ಉಪ್ಪಿಟ್ಟು ಬೇಯ್ಸಿ ಆಕಿದ್ದೀಯ, ಒಂದಿನನಾದ್ರೂ ಬಾಯ್ ಬುಟ್ಟಿದ್ದೀಯಾ?" ಎಂದು ನನ್ನ ಕಡೆ ತಿರುಗಿದಳು. "ನೀವಾದ್ರೂ ಏಳಿ ಸ್ವಾಮಿ."

"ನೋಡೋಣಮ್ಮ" ಎಂದೆ. ಕಚೇರಿಯಲ್ಲಿ ನಾನು ಜೀವಮಾನವೆಲ್ಲ ಅತಿ ಹೆಚ್ಚು ಬಳಸಿದ ಮಾತು ಅದು.

ಬಸ್ಸು ಬಂತು. ಹತ್ತುವ ಮೊದಲು ಮುದ್ದಯ್ಯ ಟವಲಿನ ತುದಿಯಲ್ಲಿ, ಉಳಿದ ಗಂಟುಗಳಿಂದ ದೂರವಾಗಿ, ಇನ್ನೊಂದು ಗಂಟು ಬಿಗಿದ.

ಮಳವಳ್ಳಿಯಲ್ಲಿ ಒಂದು ಗಂಟೆ ನಿಂತೆವು. ಬಾಳೆಲೆ, ತೆಂಗಿನಕಾಯಿ, ಹುರುಳಿಕಾಯಿ, ಗುಂಡು ಬದನೆ. ಅಷ್ಟಕ್ಕೆ ಅವನು ಮೂರು ಅಂಗಡಿ ಸುತ್ತಿದ. ಬದನೆಕಾಯಿಯನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ನಿಂತುಬಿಡುತ್ತಿದ್ದ, ಅಂಗಡಿಯವಳು ಎರಡು ಸಲ ಕೂಗಬೇಕಾಗುತ್ತಿತ್ತು. ಆಮೇಲೆ ಮದ್ದೂರಿನ ಬಸ್ಸು. ಭಾರತೀನಗರದಲ್ಲಿ ಕಾಲೇಜು ಹುಡುಗರು ತುಂಬಿಕೊಂಡು ಕಾಲಿಡಲು ಜಾಗವಿಲ್ಲ. ನನ್ನ ಮಡಿಲಲ್ಲಿ ಹುರುಳಿಕಾಯಿ ಚೀಲ, ಪಕ್ಕದಲ್ಲಿ ಮುದ್ದಯ್ಯ. ಅವನ ತುಟಿ ಅಲ್ಲಾಡುತ್ತಿತ್ತು. ದೇವರ ನಾಮ ಹೇಳುತ್ತಿದ್ದಾನೇನೋ ಎಂದು ಕಿವಿಗೊಟ್ಟೆ.

"ಬುದ್ಧಿ, ನಾಳೀಕೆ ನಮ್ ಊರಿನ ಸರದಿ... ಬುದ್ಧಿ, ತಪ್ ತಿಳ್ಕೋಬ್ಯಾಡಿ, ನಾಳೀಕೆ..."

ಸಾಹೇಬರಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದ. ಪ್ರತಿ ಸಲವೂ ಅರ್ಧಕ್ಕೆ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು. ಮದ್ದೂರು ಬರುವವರೆಗೆ ಅದನ್ನೇ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯಿತು.

"ಒಂದೇ ಸಲ ಹೇಳಿ ಮುಗಿಸಯ್ಯ, ಅದೇನು ಮಹಾ!" ಎಂದು ಗದರಿದೆ.

"ಊಂ ಸ್ವಾಮಿ," ಎಂದ. ಮತ್ತೆ ತುಟಿ ಅಲ್ಲಾಡಿತು.

ಮದ್ದೂರಿನಿಂದ ಮಂಡ್ಯಕ್ಕೆ ಹೋಗುವ ದಾರಿಯಲ್ಲಿ ಕಬ್ಬಿನ ಗಾಡಿಗಳ ಸಾಲು. ಬಸ್ಸು ಅವುಗಳ ಹಿಂದೆ ಆಮೆಯಂತೆ ಹೋಯಿತು. ನಾನು ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿದೆ. ಅವನು ಕಿಟಕಿಯಿಂದ ಗದ್ದೆ ನೋಡುತ್ತಿದ್ದ. ಆ ಭಾಗದ ಗದ್ದೆಗಳಲ್ಲಿ ನೀರು ತುಂಬಿ ತುಳುಕುತ್ತಿತ್ತು.

ಸಾಹೇಬರ ಮನೆ ತಲುಪಿದಾಗ ಹನ್ನೊಂದೂವರೆ. ಸಾಹೇಬರು ಜಗುಲಿಯ ಮೇಲೆ ಪೇಪರು ಓದುತ್ತ ಕೂತಿದ್ದರು. ಕೆಟ್ಟ ಮನುಷ್ಯರಲ್ಲ, ಯಾರ ಮೇಲೂ ಕೂಗಾಡಿದವರಲ್ಲ. ಆದರೆ ಕಡತದಲ್ಲಿ ಬರೆಯದೆ ಇದ್ದ ಸಂಗತಿ ಅವರ ಮಟ್ಟಿಗೆ ನಡೆದೇ ಇಲ್ಲ. ಯಾರ ಸರದಿ ಯಾವ ದಿನ ಎಂದು ತೂಬು ಮುಚ್ಚುವ ಆದೇಶದಲ್ಲಿ ಬರೆದಿರಲಿಲ್ಲ. ಅದನ್ನು ಟೈಪು ಮಾಡಿದವನು ನಾನೇ.

"ಏನು ಮುದ್ದಯ್ಯ, ಎಲ್ಲ ಸಿದ್ಧವೋ?" ಎಂದರು.

ಮುದ್ದಯ್ಯ ಟವಲನ್ನು ಹೆಗಲಿನಿಂದ ಕಂಕುಳಿಗೆ ಇಳಿಸಿ ಎರಡು ಹೆಜ್ಜೆ ಮುಂದೆ ಬಂದ. "ಬುದ್ಧಿ," ಎಂದ. ಸಾಹೇಬರು ಪೇಪರು ಇಳಿಸಿದರು. "ಬುದ್ಧಿ, ನಾಳೀಕೆ..."

ಅಷ್ಟರಲ್ಲಿ ಒಳಗಿನಿಂದ ಸರಸಮ್ಮ ಬಂದರು. ಎಪ್ಪತ್ತು ದಾಟಿದ ಮುದುಕಿ, ಮಂಡಿ ನೋವಿಗೆ ಗೋಡೆ ಹಿಡಿದು ನಡೆಯುವವರು. ಮುಖ ಮಾತ್ರ ಹಬ್ಬಕ್ಕೆ ಹೊರಟ ಹುಡುಗಿಯದು.

"ಬಂದ್ಯಾ ಮುದ್ದಯ್ಯ? ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ ನೋಡು. ನನ್ನ ಮದುವೆ ಆದಾಗ ಹನ್ನೊಂದು ವರ್ಷ. ಹರಿಗೋಲಿನಲ್ಲಿ ಹೊಳೆ ದಾಟಿಸಿ ಗಂಡನ ಮನೆಗೆ ಕರಕೊಂಡು ಬಂದ್ರು. ನಾನು ಅಳ್ತಾ ಕಣ್ಣು ಮುಚ್ಚಿಕೊಂಡು ಕೂತಿದ್ದೆ, ನೀರನ್ನೇ ನೋಡಲಿಲ್ಲ. ಆಮೇಲೆ ಯಾರೂ ದೋಣಿ ಹತ್ತಿಸಲಿಲ್ಲ. ನಾಳೆ ಕಣ್ಣು ಬಿಟ್ಟುಕೊಂಡು ಹೋಗಬೇಕು."

ಮುದ್ದಯ್ಯನ ಬಾಯಿ ತೆರೆದಿದ್ದದ್ದು ಹಾಗೇ ಮುಚ್ಚಿತು. ಅವನು ನನ್ನ ಕಡೆ ನೋಡಿದ. ಹೇಳಬಹುದಾಗಿತ್ತು. ಸಾಹೇಬರೇ, ನಾಳೆ ಕೋಡಿಕೊಪ್ಪಲಿನ ಸರದಿ, ಎಂದರೆ ಮುಗಿಯುತ್ತಿತ್ತು. ನಾನು ಕೈಯಲ್ಲಿದ್ದ ಚೀಟಿಯನ್ನು ಮಡಿಸಿದೆ, ಬಿಚ್ಚಿದೆ.

ಮುದ್ದಯ್ಯ ಬೇರೆಯೇ ಮಾತು ಎತ್ತಿದ. "ತಾಯಿ, ನಾಳೀಕೆ ಏಕಾದಸಿ ಅಲ್ವ್ರಾ? ತಮ್ಗೇನ್ ಮಾಡ್ಕೊಡ್ಲಿ?"

"ನನಗೇನೂ ಬೇಡಪ್ಪ, ಒಂದು ತಂಬಿಗೆ ನೀರಿದ್ರೆ ಆಯ್ತು. ಸೋಮವಾರ ಬೆಳಗ್ಗೆ ಇಲ್ಲೇ ಮನೇಲಿ ಪಾರಣೆ ಮಾಡ್ತೀನಿ."

"ಪಾರಣೆಗೆ ಏನೇನ್ ಬೇಕಾಯ್ತದೆ ತಾಯಿ?"

"ಅಗಸೆ ಸೊಪ್ಪು, ನೆಲ್ಲಿಕಾಯಿ. ದ್ವಾದಶಿ ದಿನ ಅವೆರಡಿಲ್ಲದೆ ನಾನು ಅನ್ನ ಮುಟ್ಟೋಲ್ಲ. ಯಾಕೆ ಕೇಳ್ತೀಯ?"

"ಸುಮ್ಕೆ ಕೇಳ್ದೆ ತಾಯಿ."

ಗೇಟು ದಾಟಿದ ಮೇಲೆ ಅವನು ನಿಂತು ಟವಲಿನ ಇನ್ನೊಂದು ಅಂಚನ್ನು ಎಳೆದುಕೊಂಡು ಬಡಬಡನೆ ಗಂಟು ಹಾಕತೊಡಗಿದ. ಒಂದು, ಎರಡು, ಆರು. ಬೆಳಗಿನ ಮಂಕು ಹಾರಿಹೋಗಿತ್ತು. ಅಲ್ಲಿಂದ ಮುಂದೆ ನನಗೆ ಅವನ ಹಿಂದೆ ಓಡುವುದೇ ಕೆಲಸವಾಯಿತು.

ನನ್ನ ಚೀಟಿಯಲ್ಲಿ ಇದ್ದದ್ದು ಬ್ರೆಡ್ಡು, ಕಾಫಿಪುಡಿ, ಬಿಸ್ಕತ್ತು, ಎರಡು ಸೇರು ಸಣ್ಣಕ್ಕಿ. ಅವನು ಹತ್ತು ಸೇರು ಅಕ್ಕಿ ಅಳೆಸಿದ. "ಐದಾರು ಜನಕ್ಕೆ ಒಂದು ಹೊತ್ತಿನ ಊಟ ಕಣಯ್ಯ, ಮದುವೆ ಅಲ್ಲ!" ಎಂದೆ. "ಇರ್ಲಿ ಬುಡಿ ಸ್ವಾಮಿ, ಮಿಕ್ರೆ ಮಿಕ್ತದೆ." ಲಾಟೀನಿಗೆ ಹೊಸ ಗಾಜು ಕೊಂಡ. "ಸಂಜೆ ಐದಕ್ಕೆಲ್ಲ ಬಂಗಲೆಗೆ ಬಂದಿರ್ತೀವಿ, ಲಾಟೀನು ಯಾಕೆ?" ಅದಕ್ಕೂ ಇರ್ಲಿ ಬುಡಿ. ಸೀಮೆಎಣ್ಣೆಗೆ ಕ್ಯೂ ನಿಂತ. ಕುಂಬಾರರ ಅಂಗಡಿಯಲ್ಲಿ ಎರಡು ಹೊಸ ಮಡಕೆಗಳನ್ನು ಬೆರಳಲ್ಲಿ ಟಕಟಕ ತಟ್ಟಿ ನೋಡಿ ಕೊಂಡ. ಬಂಗಲೆಯಲ್ಲಿ ಇಲ್ಲದ ಪಾತ್ರೆಯೇ! ಆಮೇಲೆ ನೆಲ್ಲಿಕಾಯಿ ಹುಡುಕಾಟ. ಮಾರುಕಟ್ಟೆಯ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ. ಬಿಸಿಲು ನೆತ್ತಿ ಸುಡುತ್ತಿತ್ತು, ನನ್ನ ಒಂದು ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಕೊನೆಗೆ ಒಬ್ಬ ಮುದುಕಿಯ ಬುಟ್ಟಿಯ ತಳದಲ್ಲಿ ಒಂದು ಹಿಡಿ ಸಿಕ್ಕಿತು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಲೋ ಮುದ್ದಯ್ಯ, ನೆಲ್ಲಿಕಾಯಿ ದ್ವಾದಶಿಗೆ ಕಣೋ. ನಾಳೆ ಏಕಾದಶಿ, ಅವರು ಏನೂ ತಿನ್ನೋದಿಲ್ಲ. ಸೋಮವಾರ ಅವರು ಮಂಡ್ಯದ ಮನೆಯಲ್ಲಿರ್ತಾರೆ. ಏಕಾದಶಿ ಯಾವುದು ದ್ವಾದಶಿ ಯಾವುದು ಗೊತ್ತಿಲ್ಲದೆ ಹೋದರೆ ನನ್ನ ಕೇಳಬಾರದೇನೋ? ಅಯ್ಯಂಗಾರಿ ಪಕ್ಕದಲ್ಲೇ ಇದ್ದೀನಿ!"

ಅವನು ನಕ್ಕ. ಅವತ್ತು ಅವನು ನಕ್ಕದ್ದು ಅದೊಂದೇ ಸಲ. "ನಮ್ಗೇನ್ ತಿಳೀತದೆ ಸ್ವಾಮಿ," ಎಂದು ನೆಲ್ಲಿಕಾಯಿಯನ್ನು ಟವಲಿಗೆ ಸುತ್ತಿಕೊಂಡ.

ಬಸ್ಸಿನಲ್ಲಿ ಪಕ್ಕದವರೊಬ್ಬರಿಗೆ ಇದನ್ನು ಹೇಳಿ ನಾನು ನಗಾಡಿದೆ ಕೂಡ. ಗೌಡನ ಏಕಾದಶಿ ನೋಡಿ ಸ್ವಾಮಿ, ಎಂದು.

ಮದ್ದೂರಿನಲ್ಲಿ ಸಾಹೇಬರಿಗೆ ವಡೆ ಕಟ್ಟಿಸಿಕೊಂಡು ಮಳವಳ್ಳಿ ಬಸ್ಸು ಹಿಡಿದೆವು. ನಾಲ್ಕೂವರೆ ಆಗಿತ್ತು. ಅವನು ಮತ್ತೆ ಮತ್ತೆ ಹೊತ್ತು ಎಷ್ಟು ಎಂದು ಕೇಳುತ್ತಿದ್ದ. ನಡುವೆ ಇದ್ದಕ್ಕಿದ್ದಂತೆ, "ಸ್ವಾಮಿ, ತಮಗೆ ಅಡ್ಗೆ ಮಾಡಕ್ ಬತ್ತದಾ?" ಎಂದ.

"ಯಾಕಯ್ಯ, ನಿನ್ನ ಕೆಲಸವನ್ನೂ ನಾನೇ ಮಾಡಬೇಕಾ?"

"ಅಂಗಲ್ಲ ಸ್ವಾಮಿ. ಸುಮ್ಕೆ."

"ಬರುತ್ತೆ. ಗೋದಾ ತವರಿಗೆ ಹೋದಾಗ ನಾನೇ ಮಾಡ್ಕೋತೀನಿ. ಈಗ ಬಾಯಿ ಮುಚ್ಚು."

ಮುಚ್ಚಿದ. ಮಳವಳ್ಳಿಯಲ್ಲಿ ಇಳಿದರೆ ಬಂಗಲೆ ಕಡೆಯ ಬಸ್ಸು ಹೊರಡಲು ಸಿದ್ಧವಾಗಿ ನಿಂತಿದೆ. ನಾನು ಚೀಲಗಳನ್ನು ಒಳಗೆ ತುರುಕಿ ತಿರುಗಿ ನೋಡಿದರೆ ಮುದ್ದಯ್ಯ ಇಲ್ಲ. ವೀಳ್ಯದೆಲೆ ತೋಟಗಳ ಕಡೆ ಓಡುತ್ತಿದ್ದ. ಅಲ್ಲಿ ಎಲೆ ಬಳ್ಳಿ ಹಬ್ಬಿಸಲು ಅಗಸೆ ಮರ ಬೆಳೆಸುತ್ತಾರೆ. ನಾನು ಕೂಗಿದೆ, ಕಂಡಕ್ಟರು ಕೂಗಿದ, ಡ್ರೈವರು ಹಾರನ್ನು ಒತ್ತಿದ. ಬಸ್ಸು ಹೋಯಿತು. ಮಡಕೆ, ಅಕ್ಕಿ, ಸೀಮೆಎಣ್ಣೆ ಡಬ್ಬಗಳ ನಡುವೆ ಕಿತ್ತ ಚಪ್ಪಲಿ ಹಾಕಿಕೊಂಡು ನಾನು ರಸ್ತೆಯಲ್ಲಿ ನಿಂತಿದ್ದೆ. ಅರ್ಧ ಗಂಟೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೊಪ್ಪಿನ ಕಟ್ಟು ಎದೆಗವಚಿಕೊಂಡು ಬಂದ. ನಾನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಖಾಲಿ ಗಾಡಿಯೊಂದು ಸಿಕ್ಕಿ ಬಂಗಲೆ ಸೇರಿದಾಗ ದೀಪ ಹಚ್ಚುವ ಹೊತ್ತು. ಗೇಟಿನ ಹತ್ತಿರ ಶಿವನಂಜಮ್ಮ ಕೂತಿದ್ದಳು.

"ಏಳುದ್ಯಾ?"

"ಇಲ್ಲ ಕಣಮ್ಮಿ."

ಅವಳು ಬೈಯಲಿಲ್ಲ. ತಲೆ ತಗ್ಗಿಸಿ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ನ್ಯಾಯವಾಗಿ ಅಲ್ಲಿ ನಿಂತು ನಾನೂ ಒಂದು ಮಾತಾಡಬೇಕಿತ್ತು. ಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಬರುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಅಡುಗೆಮನೆಯ ಮೊಳೆಯ ಕಡೆ ನಾನು ನೋಡಲೇ ಇಲ್ಲ.

ಭಾನುವಾರ ಒಂಬತ್ತಕ್ಕೆ ಮೇಲಿನ ಸೇತುವೆಯಿಂದ ದೋಣಿ ಹೊರಟಿತು. ಸಾಹೇಬರು, ಸರಸಮ್ಮ, ನಾನು, ಮುದ್ದಯ್ಯ, ಗಳ ಹಾಕಿ ದೋಣಿ ತಳ್ಳುವವರು ಇಬ್ಬರು. ದೋಣಿಯ ಮುಕ್ಕಾಲು ಭಾಗ ಮುದ್ದಯ್ಯನ ಸಾಮಾನು. "ಇದೇನಯ್ಯ, ಕಾಶಿಗೆ ಹೊರಟಿದ್ದೀವಾ?" ಎಂದು ಸಾಹೇಬರೂ ನಕ್ಕರು. ನೀರು ದಡದ ಹುಲ್ಲು ಮುಟ್ಟುವಂತೆ ತುಂಬಿತ್ತು. ಸರಸಮ್ಮ ಒಂದು ಕೈ ನೀರಿನಲ್ಲಿ ಇಳಿಬಿಟ್ಟು, ಕಣ್ಣು ಅಗಲಿಸಿಕೊಂಡು, ಕೊಕ್ಕರೆ ಹಾರಿದರೆ ಕೊಕ್ಕರೆ, ಎಮ್ಮೆ ಕಂಡರೆ ಎಮ್ಮೆ ಎಂದು ಹೇಳುತ್ತ ಕೂತಿದ್ದರು. ಅವರನ್ನು ನೋಡಿದರೆ ನನಗೂ ಸಂತೋಷವಾಯಿತು. ಮುದ್ದಯ್ಯ ಮಾತ್ರ ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ. ದಡವನ್ನೂ ನೀರನ್ನೂ ನೋಡುತ್ತಿದ್ದ.

ಊಟ ಮುಗಿದು ಎರಡು ಗಂಟೆಯಾಗಿತ್ತು. ದಡದ ಹುಲ್ಲಿನ ಕೆಳಗೆ ಒಂದು ಗೇಣು ಒದ್ದೆ ಮಣ್ಣು ಕಾಣಿಸಿತು. ಆಮೇಲೆ ಒಂದು ಮೊಳ. ಗಳ ಹಾಕುವವರು ಒಬ್ಬರನ್ನೊಬ್ಬರು ನೋಡಿದರು. ಇನ್ನರ್ಧ ಗಂಟೆಗೆ ದೋಣಿಯ ತಳ ಹೂಳಿನ ಮೇಲೆ ಕೂತು ಒಂದು ಕಡೆಗೆ ವಾಲಿತು. ಎರಡೂ ಪಕ್ಕ ಗದ್ದೆ ಕೆಸರು. ಕೆಳಗಡೆ ಹಳ್ಳದ ಹತ್ತಿರ ಏರಿಯ ರಸ್ತೆ ಕೊಚ್ಚಿಹೋಗಿ ಜೀಪು ಬರುವಂತಿಲ್ಲ. ಮಂಡಿ ನೋವಿನ ಮುದುಕಿಯನ್ನು ಬದುವಿನ ಮೇಲೆ ನಡೆಸುವಂತಿಲ್ಲ.

"ಯಾರು ತೂಬು ತೆಗೆದದ್ದು?" ಎಂದರು ಸಾಹೇಬರು. ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಾನೇ ಬುದ್ಧಿ," ಎಂದ ಮುದ್ದಯ್ಯ. ಟವಲಿನ ತುದಿಯ ಆ ಒಂಟಿ ಗಂಟಿನ ಮೇಲೆ ಅವನ ಬೆರಳು ಆಡುತ್ತಿತ್ತು. "ನನ್ ಎಂಡ್ರು ತೆಗ್ದವ್ಳೆ, ನಾನೇ ಏಳಿ ಕಳ್ಸಿದ್ದೆ. ಇವತ್ತು ನಮ್ ಸರದಿ ಬುದ್ಧಿ. ಪೈರು ಒಡೆ ಕಟ್ಟದೆ. ಬೆಳಗ್ಗೇನೇ ತೆಗೆದ್ರೆ ತಾಯಿಯೋರ್ಗೆ ದೋಣಿ ಇಲ್ದಂಗಾಯ್ತಿತ್ತು. ಅದ್ಕೆ ಮದ್ಯಾನದ್ ಮೇಲೆ ತೆಗಿ ಅಂದಿದ್ದೆ. ನಿನ್ನೇನೇ ಏಳ್ಬೇಕು ಅಂತ ಬಂದೆ. ಬಾಯಿ ಬರ್ಲಿಲ್ಲ." ಗಂಟು ಬಿಚ್ಚಿಕೊಂಡಿತು.

"ಬೀಗದ ಕೈ ನಿನಗೆ ಯಾರು ಕೊಟ್ಟರು?"

ಅವನು ನನ್ನ ಕಡೆ ತಿರುಗಲೂ ಇಲ್ಲ. "ನಾನೇ ಎತ್ಕೊಂಡೆ ಬುದ್ಧಿ."

ಅಡುಗೆಮನೆಯ ಮೊಳೆ ನೆನಪಾಗಿ ನಾನು ನೀರಿನ ಕಡೆ ಮುಖ ತಿರುಗಿಸಿದೆ. ಸಾಹೇಬರು ನನಗೆ ಹೇಳಿದರು, "ಸಂಪತ್, ಇಳಿದು ಹೋಗಿ ತೂಬು ಮುಚ್ಚಿಸಿ. ಈಗ ಮುಚ್ಚಿದರೆ ಕತ್ತಲಾಗುವಷ್ಟರಲ್ಲಿ ದೋಣಿ ಏಳುತ್ತೆ. ಇವನ ವಿಷಯ ಆಮೇಲೆ." ನಾನು ಪಂಚೆ ಎತ್ತಿ ಕಟ್ಟಿದೆ. ದೋಣಿಯಲ್ಲಿ ನಿಲ್ಲುವುದಕ್ಕಿಂತ ಕೆಸರಿಗೆ ಇಳಿಯುವುದೇ ವಾಸಿ ಎನಿಸಿತ್ತು.

"ನಿಲ್ಲಪ್ಪ," ಎಂದರು ಸರಸಮ್ಮ. ಅವರು ಮುದ್ದಯ್ಯನನ್ನೇ ನೋಡುತ್ತಿದ್ದರು. "ಮುಚ್ಚದೆ ಹೋದರೆ ನೀರು ಯಾವಾಗ ಬರುತ್ತೆ?"

"ನಮ್ ಸರದಿ ನಾಳೆ ಒತ್ತಾರೆಗೆ ಮುಗೀತದೆ ತಾಯಿ."

"ನಾಳೆ ದ್ವಾದಶಿ. ನನ್ನ ಪಾರಣೆ?"

ಮುದ್ದಯ್ಯ ಬಗ್ಗಿ ಹಿಂದುಗಡೆಯ ಬುಟ್ಟಿಯ ಮೇಲಿನ ಬಾಳೆಲೆ ಸರಿಸಿದ. ಒದ್ದೆ ಬಟ್ಟೆಯೊಳಗೆ ಅಗಸೆ ಸೊಪ್ಪು ಆಗ ಕಿತ್ತಂತೆ ಹಸಿರಾಗಿತ್ತು. ಪಕ್ಕದಲ್ಲಿ ಒಂದು ಹಿಡಿ ನೆಲ್ಲಿಕಾಯಿ. ಅದರ ಪಕ್ಕ ನೀರು ಕಾಣದ ಎರಡು ಹೊಸ ಮಡಕೆ, ಮಡಿ ಅಡುಗೆಗೆ. ಲಾಟೀನು. ಹತ್ತು ಸೇರು ಅಕ್ಕಿ.

"ಅಡ್ಗೆ ಸಂಪತ್ ಸ್ವಾಮಿಯೋರು ಮಾಡ್ತಾರೆ ತಾಯಿ. ಬತ್ತದಂತೆ. ನಾನ್ ಮುಟ್ಟಾಕಿಲ್ಲ."

ನನ್ನ ತಲೆಗೆ ಯಾರೋ ತಣ್ಣೀರು ಸುರಿದ ಹಾಗಾಯಿತು. ಶನಿವಾರ ಅವನು ತಿಥಿ ತಪ್ಪಿರಲಿಲ್ಲ. ಸೋಮವಾರ ಬೆಳಗ್ಗೆ ಸರಸಮ್ಮ ಎಲ್ಲಿರುತ್ತಾರೆ ಎನ್ನುವುದು ಅವನಿಗೆ ಸರಿಯಾಗಿ ಗೊತ್ತಿತ್ತು. ಖಾಯಂ ಕಾಗದ ಏನಾಗುತ್ತದೆ ಎನ್ನುವುದೂ ಗೊತ್ತಿತ್ತು. ಅದನ್ನು ತಿಳಿದೇ ಅವನು ಮಾರುಕಟ್ಟೆಯೆಲ್ಲ ಸುತ್ತಿದ್ದ, ನಾನು ಹಿಂದೆ ಬೈದುಕೊಂಡು ಓಡಿದ್ದೆ.

ಸರಸಮ್ಮ ಒಂದು ನೆಲ್ಲಿಕಾಯಿ ಎತ್ತಿಕೊಂಡು ಅಂಗೈಯಲ್ಲಿ ಹೊರಳಿಸಿದರು. ಆಮೇಲೆ ಮಗನಿಗೆ ಹೇಳಿದರು, "ನಾನು ಒಂದು ದಿನದ ಉಪವಾಸಕ್ಕೆ ನಾಳೆ ಬೆಳಗ್ಗೆ ಯಾವಾಗ ಆಗುತ್ತೋ ಅಂತ ಕಾಯ್ತೀನಿ ಕಣೋ. ಅವರ ಪೈರು ಇನ್ನೂ ಹತ್ತು ದಿನ ಉಪವಾಸ ಇರಬೇಕಾ? ಬಿಟ್ಟ ನೀರನ್ನ ಮುಚ್ಚಿಸಬೇಡ. ನಾನು ಇಲ್ಲೇ ಇರ್ತೀನಿ."

ಸಾಹೇಬರು ನನಗೆ ಇಳಿಯುವುದು ಬೇಡ ಎಂದು ಕೈಸನ್ನೆ ಮಾಡಿದರು. ಕೋಡಿಕೊಪ್ಪಲಿನವರು ಚಾಪೆ, ಕಂಬಳಿ ತಂದು ಕೊಟ್ಟರು. ಉಳಿದವರಿಗೆಲ್ಲ ಮುದ್ದಯ್ಯ ಏರಿಯ ಮೇಲೆ ಅನ್ನ ಸಾರು ಮಾಡಿದ. ಸರಸಮ್ಮ ದೇವರ ನಾಮ ಹೇಳಿಕೊಂಡು ರಾತ್ರಿ ಕಳೆದರು. ಬೆಳಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ನಾನು ನಾಲೆಯಲ್ಲಿ ಮುಳುಗಿ ಒದ್ದೆ ಪಂಚೆಯಲ್ಲಿ ಹೊಗೆ ಕುಡಿಯುತ್ತ ಅಡುಗೆ ಮಾಡಿದೆ. ಅಗಸೆ ಸೊಪ್ಪಿನ ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು. ಅವರು ಚೂರೂ ಬಿಡದೆ ಉಂಡರು. ಕೈ ತೊಳೆಯುವಾಗ ಮಗನಿಗೆ, "ಇವನ ಹೊಟ್ಟೆ ಮೇಲೆ ಹೊಡೆಯಬೇಡ" ಎಂದರು. "ಅದು ಕಚೇರಿ ವಿಷಯ ಅಮ್ಮ," ಎಂದರು ಸಾಹೇಬರು.

ಕಚೇರಿ ವಿಷಯ ಕಚೇರಿಯ ದಾರಿಯಲ್ಲೇ ಹೋಯಿತು. ಖಾಯಂ ಕಾಗದ ರುಜುವಿಲ್ಲದೆ ಮಳವಳ್ಳಿಗೆ ವಾಪಸು ಬಂತು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಒಂದು ಸಾಲು: ಬೀಗದ ಕೈ ಮೇಟಿಗೆ ಹೇಗೆ ಸಿಕ್ಕಿತು, ವಿಚಾರಿಸಿ ವರದಿ ಮಾಡುವುದು. ವರದಿ ಬರೆಯಬೇಕಾದ ಗುಮಾಸ್ತ ನಾನು. ಒಂದೇ ಸಾಲಿನ ಸತ್ಯ. ಬರೆದರೆ ನನ್ನ ಹೆಸರು ಬರಬೇಕು, ಬರೆಯದಿದ್ದರೆ ಕಾಗದ ಅಲ್ಲೇ ಇರುತ್ತದೆ. ನೋಡೋಣ ಎಂದುಕೊಂಡು ಡ್ರಾಯರಿನಲ್ಲಿ ಇಟ್ಟೆ. ಮೂರು ತಿಂಗಳು ಅದು ಅಲ್ಲೇ ಇತ್ತು. ಮುದ್ದಯ್ಯ ಎಂದಿನಂತೆ ದಿನಗೂಲಿಗೆ ಬರುತ್ತಿದ್ದ, ನನ್ನನ್ನು ಕಂಡರೆ ನಮಸ್ಕಾರ ಮಾಡುತ್ತಿದ್ದ. ಕಾಗದ ಏನಾಯಿತು ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಕೋಪವನ್ನಾದರೂ ಮಾಡಿಕೊಳ್ಳಬಹುದಿತ್ತು.

ಸಂಕ್ರಾಂತಿಯ ಹಿಂದಿನ ದಿನ ನಮ್ಮ ಮನೆ ಬಾಗಿಲಿಗೆ ಬಂದ. ಸಣ್ಣ ಚೀಲದಲ್ಲಿ ಎರಡು ಸೇರು ಹೊಸ ಅಕ್ಕಿ.

"ಅವತ್ತಿನ್ ನೀರಿನ್ದು ಸ್ವಾಮಿ. ಜೊಳ್ಳು ಒಂದೂ ಇಲ್ಲ. ನೀವೂ ಅವತ್ ಕಷ್ಟ ಪಟ್ರಿ, ಚಪ್ಪಲಿ ಬೇರೆ ಕಿತ್ತೋಯ್ತು."

ಗೋದಾ ಮಾರನೆಯ ದಿನ ಆ ಅಕ್ಕಿಯಲ್ಲೇ ಪೊಂಗಲು ಮಾಡಿದಳು. ಎಲೆಯ ಮುಂದೆ ಕೂತೆ. ತುತ್ತು ಬಾಯಿಗೆ ಹೋಯಿತು, ಒಳಗೆ ಇಳಿಯಲಿಲ್ಲ. "ಉಪ್ಪಿಲ್ವಾ?" ಎಂದಳು ಗೋದಾ. ಹಬ್ಬದ ರಜೆ ಮುಗಿದ ದಿನ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ವರದಿ ಬರೆದೆ: ಬೀಗದ ಕೈಗಳು ನನ್ನ ವಶದಲ್ಲಿದ್ದವು, ಬೀರುವಿನಲ್ಲಿ ಇಡದೆ ಅಡುಗೆಮನೆಯಲ್ಲಿ ಬಿಟ್ಟವನು ನಾನು, ಅಂದು ಕೋಡಿಕೊಪ್ಪಲಿನ ಸರದಿ ಇದ್ದದ್ದು ಶನಿವಾರವೇ ನನಗೆ ತಿಳಿದಿತ್ತು, ಸಾಹೇಬರ ಮುಂದೆ ನಿಂತೂ ನಾನು ಹೇಳಲಿಲ್ಲ. ಅಂಚೆಗೆ ಹಾಕದೆ ಖಾಯಂ ಕಾಗದದ ಜೊತೆ ಮಂಡ್ಯಕ್ಕೆ ನಾನೇ ಒಯ್ದೆ.

ಸಾಹೇಬರು ಎರಡು ಸಲ ಓದಿದರು. "ಇಷ್ಟು ಬರೆಯೋಕೆ ಮೂರು ತಿಂಗಳು ಬೇಕಾಯಿತಾ ಸಂಪತ್?" ಎಂದರು. ನನಗೊಂದು ಛೀಮಾರಿ ಬರೆದು ರುಜು ಹಾಕಿದರು. ಅದೇ ಪೆನ್ನಿನಲ್ಲಿ, ಕೈ ಎತ್ತದೆ, ಮುದ್ದಯ್ಯನ ಕಾಗದಕ್ಕೂ ಹಾಕಿದರು.

ಸಂಜೆ ಬಂಗಲೆಗೆ ಹೋದೆ. ಮುದ್ದಯ್ಯ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ. ಖಾಯಂ ಆಯಿತು ಎಂದೆ. ಡ್ರಾಯರಿನ ವಿಷಯವನ್ನೂ ಹೇಳಿದೆ, ಒಂದನ್ನೂ ಬಿಡದೆ. ಕೊಡಲಿ ಕೆಳಗಿಟ್ಟು ಟವಲಿನಿಂದ ಮುಖ ಒರೆಸಿಕೊಂಡ. ಒರೆಸಿದ್ದು ಸ್ವಲ್ಪ ಹೆಚ್ಚು ಹೊತ್ತೇ ಆಯಿತು.

"ನಿಮ್ ಎಸ್ರು ಯಾಕ್ ಬರಿಯಕ್ಕೋದ್ರಿ ಸ್ವಾಮಿ," ಎಂದ ಕೊನೆಗೆ. "ಅದಿರ್ಲಿ, ಅಕ್ಕಿ ಎಂಗಿತ್ತು?"

"ಗಂಟಲಲ್ಲಿ ಇಳಿಯಲಿಲ್ಲ ಕಣಯ್ಯ."

ಅವನು ನನ್ನ ಮುಖ ನೋಡಿದ. "ಇನ್ನೆರಡ್ ಸೇರು ತಂದ್ಕೊಡ್ತೀನಿ. ಈಗ ಇಳೀತದೆ," ಎಂದು, ಟವಲಿನ ಅಂಚಿಗೆ ಒಂದು ಗಂಟು ಹಾಕಿಕೊಂಡ.